ಗೋಡೆಯಗಲದ ಪರದೆ ಮತ್ತು ಸನ್ನತಿಯ ಕಲ್ಲು

ಶಿಕಾಗೊ

ಅಪ್ಪಾ,

ನಾನು ಆರಾಮ ಇದ್ದೇನೆ. ಕಲಬುರಗಿ ಬಿಸಿಲಿನ ಸುದ್ದಿ ಇಲ್ಲಿಂದಲೇ ಓದುತ್ತೇನೆ, ಮಧ್ಯಾಹ್ನ ಹೊಲಕ್ಕೆ ಹೋಗಬೇಡಿ.

"ದೊಡ್ಡ ಟಿವಿ ಮುಂದೆ ಕೂಡೋದಕ್ಕೆ ಪಗಾರ ಕೊಡ್ತಾರಾ?" ಅಂತ ಕೇಳಿದಿರಲ್ಲ. ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ, ಅದಕ್ಕೇ ಈ ಕಾಗದ.

ನನ್ನ ಕೆಲಸ ತಿಳಿಯಬೇಕಾದರೆ ಮೊದಲು ಇದನ್ನು ಕೇಳಿ: ಈ ಊರಿನ ಇಲಿನಾಯ್ ವಿಶ್ವವಿದ್ಯಾಲಯದ ಒಂದು ಲ್ಯಾಬಿನಲ್ಲಿ 2012ರಲ್ಲಿ ಕಟ್ಟಿದ ಕೇವ್2 ಅನ್ನೋ ದುಂಡು ಕೋಣೆ ಇದೆ. ಅಡ್ಡಳತೆ ಸುಮಾರು 24 ಅಡಿ. ಒಳಗೆ ನಿಂತರೆ ಸುತ್ತಲೂ ಪರದೆ, ಬಾಗಿಲಿನ ಕಡೆ ಮಾತ್ರ ಖಾಲಿ. ಅವ್ವನ ಕೌದಿಯ ಹಾಗೆ 72 ಪರದೆಗಳನ್ನು ಜೋಡಿಸಿ ಒಂದೇ ಚಿತ್ರ ಮಾಡಿದ್ದಾರೆ. ನಮ್ಮ ಮನೆಯಂಥ ಫುಲ್ ಎಚ್‌ಡಿ ಟಿವಿಯಲ್ಲಿ ಚಿತ್ರ ಮೂಡಿಸುವ ಚುಕ್ಕೆ (ಪಿಕ್ಸೆಲ್) 20 ಲಕ್ಷ ಇದ್ದರೆ ಇಲ್ಲಿ 7 ಕೋಟಿಗೂ ಜಾಸ್ತಿ.

ಇಷ್ಟೊಂದು ಯಾಕೆ ಬೇಕು? ಮೊಬೈಲಿನಲ್ಲಿ ನಕ್ಷೆ ಹಿಗ್ಗಿಸಿದರೆ ನಮ್ಮ ಓಣಿ ಕಾಣುತ್ತದೆ, ಊರು ಮಾಯವಾಗುತ್ತದೆ. ಇಲ್ಲಿ ಊರೂ ಇರುತ್ತದೆ, ಓಣಿಯೂ ಇರುತ್ತದೆ. ಸಣ್ಣದು ನೋಡಬೇಕಾದರೆ ನಾಲ್ಕು ಹೆಜ್ಜೆ ಮುಂದೆ ಹೋದರಾಯಿತು. ಅಂಟಾರ್ಕ್ಟಿಕಾದಲ್ಲಿ ವರ್ಷವಿಡೀ ಮಂಜುಗಡ್ಡೆ ಮುಚ್ಚಿದ ಬಾನಿ ಅನ್ನೋ ಸರೋವರದ ತಳವನ್ನು ಒಂದು ರೋಬೋಟ್ ಅಳೆದಿತ್ತು. ಆ ಅಳತೆಗಳನ್ನು ವಿಜ್ಞಾನಿಗಳು ಈ ಕೋಣೆಯಲ್ಲಿ ಒಟ್ಟಿಗೆ ನಿಂತು ಪರಿಶೀಲಿಸಿದರು.

ನಮ್ಮ ಆಫೀಸಿನ ಗೋಡೆ ಅಷ್ಟು ದೊಡ್ಡದಲ್ಲ. ಕೆಲಸ ಮಾತ್ರ ಅದೇ ಜಾತಿಯದು. ಅದೇ ಲ್ಯಾಬಿನವರು ಮಾಡಿದ ಸೇಜ್2 ಅನ್ನೋ ಸಾಫ್ಟ್‌ವೇರ್ ಇದೆ. ನನ್ನ ಲ್ಯಾಪ್‌ಟಾಪಿನಿಂದ ಒಂದು ಚಿತ್ರ ಗೋಡೆಗೆ ಎಸೆದರೆ ಬೇರೆ ಊರಿನವರ ಗೋಡೆಗೂ ಅದನ್ನು ಕಳಿಸಬಹುದು. ಯಾರು ಎಲ್ಲಿ ತೋರಿಸುತ್ತಿದ್ದಾರೆ ಅಂತ ಮೌಸಿನ ಬಾಣದ ಪಕ್ಕ ಅವರ ಹೆಸರೇ ಬರುತ್ತದೆ. ಮೊದಲು ಇಂಥದ್ದಕ್ಕೆ ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುವ ಪ್ರತ್ಯೇಕ ಆಪ್ಟಿಕಲ್ ಲೈನ್ ಹಾಕುತ್ತಿದ್ದರು. ಈಗ ಬ್ರೌಸರ್ ಸಾಕು.

ಆದರೆ ಚಿತ್ರ ಎಷ್ಟೇ ಚೊಕ್ಕ ಇರಲಿ, ಮೀಟಿಂಗ್ ಕೆಡಿಸೋದು ಮೈಕು. "ಕೇಳಿಸ್ತಾ ಇದೆಯಾ?" ಅನ್ನೋದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಪರದೆಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಮೈಕಿಗೂ ಹಾಕಬಾರದಾ ಅನಿಸುತ್ತದೆ.

ಇದನ್ನೆಲ್ಲ ನೋಡುವಾಗ ನನಗೆ ನಮ್ಮ ಜಿಲ್ಲೆಯ ಸನ್ನತಿ ನೆನಪಾಗುತ್ತದೆ. 1986ರಲ್ಲಿ ಚಂದ್ರಲಾಂಬೆ ಗುಡಿ ಆವರಣದಲ್ಲಿ ಕಾಳಿ ಗುಡಿಯ ಮಾಳಿಗೆ ಬಿದ್ದು ಅಶೋಕನ ಶಾಸನ ಸಿಕ್ಕಿತಲ್ಲ. ಪಕ್ಕದ ಕನಗನಹಳ್ಳಿಯ ಕಲ್ಲಿನಲ್ಲಿ ರಾಣಿಯ ಜೊತೆ ಅಶೋಕನೇ ನಿಂತಿದ್ದಾನೆ, ಹಳೆಯ ಬ್ರಾಹ್ಮಿ ಲಿಪಿಯಲ್ಲಿ ಹೆಸರೂ ಇದೆ. ಆ ಸವೆದ ಅಕ್ಷರಗಳ ದೊಡ್ಡ ಫೋಟೋ ಹಾಕಿಕೊಂಡು ಕಲಬುರಗಿಯವರೂ ಹೊರಗಿನ ಲಿಪಿ ಬಲ್ಲವರೂ ಒಂದೇ ಗೆರೆಗೆ ಬೆರಳಿಟ್ಟು ವಾದ ಮಾಡಬಹುದು, ಅಲ್ವಾ? ಅದಕ್ಕೆ 72 ಪರದೆ ಬೇಡ. ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕೆ ಇರುವ 4ಕೆ ಟಿವಿ ನಾಲ್ಕು ಜೋಡಿಸಿದರೆ 3 ಕೋಟಿ ಚುಕ್ಕೆ ದಾಟುತ್ತದೆ. ಸಾಫ್ಟ್‌ವೇರ್ ಪುಕ್ಕಟೆ.

ತಮ್ಮನಿಗೆ ಹೇಳಿ, ಕಾಲೇಜಿನ ಪ್ರಾಜೆಕ್ಟಿಗೆ ಇದನ್ನೇ ಆರಿಸಿಕೊಳ್ಳಲಿ. ಎಲ್ಲಾದರೂ ಅಡಚಣೆ ಆದರೆ ರಾತ್ರಿ ಊಟ ಆದಮೇಲೆ ಫೋನ್ ಹಚ್ಚಲಿ, ನನಗೆ ಆಗ ಬೆಳಗಿನ ಹೊತ್ತು. ಅವ್ವನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗ