ಹಾಡಿದ್ದು ಕಟ್ಟುಕಥೆ ಅಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಯುದ್ಧದ ಸಿನಿಮಾಗಳ ಬಗ್ಗೆ ಬಂದ ಲೇಖನ ಓದಿದೆ. ‘ಪ್ಯಾರಡೈಸ್ ರೋಡ್’ (1997) ಬಗ್ಗೆ ಅದರಲ್ಲಿ ಇದ್ದದ್ದು ಒಂದೇ ಸಾಲು. ಹೊಟ್ಟೆಗಿಲ್ಲದ ಹೆಂಗಸರು ಸೆರೆಯಲ್ಲಿ ಕೂತು ಪಾಶ್ಚಾತ್ಯ ಸಂಗೀತ ಹಾಡುವುದು ನಂಬೋ ಹಾಗಿಲ್ಲ ಅಂತ. ಓದಿ ತುಂಬಾ ಬೇಜಾರಾಯಿತು. ಸಿನಿಮಾದಲ್ಲಿ ಪಾತ್ರಗಳ ಹೆಸರು ಬೇರೆ ಇರಬಹುದು, ಹಾಡಿದ್ದು ಮಾತ್ರ ನಿಜ.

1942ರ ಫೆಬ್ರುವರಿಯಲ್ಲಿ ಸಿಂಗಪುರ ಜಪಾನಿನ ಕೈಗೆ ಹೋಗುವ ಹೊತ್ತಿಗೆ ಹೆಂಗಸರು, ಮಕ್ಕಳು ಸಿಕ್ಕ ಹಡಗು ಹತ್ತಿ ಹೊರಟರು. ಕೆಲವು ಹಡಗು ಮುಳುಗಿದವು, ಕೆಲವು ಸಿಕ್ಕಿಬಿದ್ದವು, ಬದುಕಿದವರು ಈಗಿನ ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ ಜಪಾನೀಯರ ಪಾಲೆಂಬಾಂಗ್ ಸೆರೆ ಶಿಬಿರ ಸೇರಿದರು. ಅಲ್ಲಿ ಮಾರ್ಗರೆಟ್ ಡ್ರೈಬರ್ಗ್ ಎಂಬ ಮಿಷನರಿ ಮತ್ತು ಸಂಗೀತ ಕಲಿತಿದ್ದ ನೋರಾ ಚೇಂಬರ್ಸ್ ಸೇರಿ, ನೆನಪಿನಲ್ಲಿದ್ದ ಸಂಗೀತವನ್ನು ಹಾಳೆಗೆ ಇಳಿಸಿ, ಹೆಂಗಸರ ದನಿಗೆ ಹೊಂದಿಸಿದರು. ವಾದ್ಯ ಇಲ್ಲ. ಇಂಗ್ಲಿಷರು, ಡಚ್ಚರು, ಆಸ್ಟ್ರೇಲಿಯಾದವರು ಒಟ್ಟಿಗೆ ಇದ್ದರು, ಭಾಷೆ ಬೇರೆ ಬೇರೆ ಅಲ್ವಾ, ಅದಕ್ಕೇ ಮಾತಿಲ್ಲದೆ ಬರೀ ದನಿಯಲ್ಲೇ ಹಾಡಿದರು, ಪಿಟೀಲು ನುಡಿಸಬೇಕಾದ ಕಡೆ ಒಬ್ಬರ ಗಂಟಲು, ಕೊಳಲಿನ ಕಡೆ ಇನ್ನೊಬ್ಬರದು. ಮೊದಲ ಕಛೇರಿ 1943ರ ಡಿಸೆಂಬರ್ 27ರಂದು. ಅವತ್ತು ಚೆಕ್ ಸಂಗೀತಕಾರ ದ್ವೋರಾಕ್ ಅವರ ಸಿಂಫನಿಯ (ದೊಡ್ಡ ವಾದ್ಯವೃಂದಕ್ಕೆ ಬರೆದ ಕೃತಿ) ಒಂದು ಭಾಗವನ್ನೂ ಹಾಡಿದರು. ಆ ಕೈಬರಹದ ಹಾಳೆಗಳು ಉಳಿದಿವೆ. ಸಿನಿಮಾದಲ್ಲಿ ಕೇಳುವುದು ಅದೇ ಸಂಗೀತ, ನೆದರ್ಲೆಂಡ್ಸಿನ ಹೆಂಗಸರ ತಂಡ ಹಾಡಿದ್ದು.

ಆಮೇಲೆ ಜ್ವರ, ಹಸಿವು. ಹಾಡುವವರು ಒಬ್ಬೊಬ್ಬರೇ ಸತ್ತು ಗುಂಪೇ ನಿಂತುಹೋಯಿತು. ಡ್ರೈಬರ್ಗ್ 1945ರ ಏಪ್ರಿಲ್‌ನಲ್ಲಿ ಸೆರೆಯಲ್ಲೇ ತೀರಿಕೊಂಡರು, ಇನ್ನು ನಾಲ್ಕು ತಿಂಗಳಲ್ಲಿ ಯುದ್ಧ ಮುಗಿಯುತ್ತಿತ್ತು.

ನಾನು ನರ್ಸ್ ಆಗಿದ್ದವಳು. ಹಾಗಾಗಿ ಒಂದು ಲೆಕ್ಕ ನನ್ನ ತಲೆಯಿಂದ ಹೋಗುವುದಿಲ್ಲ. ಸಿಂಗಪುರದಿಂದ ಹಾಗೆ ಹೊರಟ ‘ವೈನರ್ ಬ್ರೂಕ್’ ಹಡಗಿನಲ್ಲಿ 65 ಜನ ಆಸ್ಟ್ರೇಲಿಯಾದ ನರ್ಸ್‌ಗಳಿದ್ದರು. ಹಡಗು ಮುಳುಗಿದಾಗ 12 ಜನ ತೀರಿಕೊಂಡರು. ಸುಮಾತ್ರಾ ಪಕ್ಕದ ಬಂಕಾ ದ್ವೀಪದ ದಡದಲ್ಲಿ ಜಪಾನಿನ ಸೈನಿಕರು 22 ನರ್ಸ್‌ಗಳನ್ನು ಸಮುದ್ರಕ್ಕೆ ಇಳಿಸಿ ಹಿಂದಿನಿಂದ ಗುಂಡು ಹೊಡೆದರು, ಬದುಕಿದ್ದು ವಿವಿಯನ್ ಬುಲ್‌ವಿಂಕೆಲ್ ಒಬ್ಬರೇ. ಸೆರೆಯಲ್ಲಿ ಮತ್ತೆ 8 ಜನ ಸತ್ತರು. ಮನೆಗೆ ಮರಳಿದವರು 24.

ಇಂಥವರ ಹಾಡನ್ನು ‘ನಂಬೋ ಹಾಗಿಲ್ಲ’ ಅಂತ ಬರೆದದ್ದನ್ನು ದಯವಿಟ್ಟು ತಿದ್ದಿ, ಮುಂದಿನ ಭಾನುವಾರವೇ, ಅದೇ ಪುಟದಲ್ಲಿ. ಡ್ರೈಬರ್ಗ್ ಮತ್ತು ಚೇಂಬರ್ಸ್ ಹೆಸರನ್ನೂ ಹಾಕಿ.

– ನಿವೃತ್ತ ನರ್ಸ್, ಹಾಸನ