ಗೆದ್ದ ಮೇಲಷ್ಟೇ ಗೊತ್ತಾದ ವಿಶ್ವಕಪ್‌ಗಳು

ಮಾನ್ಯ ಸಂಪಾದಕರೇ,

ನವೆಂಬರ್ 2025ರ ಕ್ರೀಡಾ ಫಲಿತಾಂಶಗಳನ್ನು ಒಂದೇ ಪುಟದಲ್ಲಿ ಕೊಟ್ಟಿದ್ದೀರಿ. ನಾನು ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ. ಕೆಲಸ ಬಿಟ್ಟರೂ ಚಟ ಬಿಟ್ಟಿಲ್ಲ; ತಿಂಗಳಿಗೊಮ್ಮೆ ಹಳೆಯ ಶಾಲೆಗೆ ಹೋಗಿ, ನಿಮ್ಮ ಪುಟ ನೋಡಿಕೊಂಡು ವರಾಂಡದ ಕರಿಹಲಗೆಯ ಮೇಲೆ ಫಲಿತಾಂಶ ಬರೆದು ಬರುತ್ತೇನೆ. ಈ ಸಲ ಬರೆಯುತ್ತ ಬರೆಯುತ್ತ ಎರಡು ಕಡೆ ಕೈ ನಿಂತಿತು.

ನವೆಂಬರ್ 2ರ ರಾತ್ರಿಯ ಬಗ್ಗೆ ದೂರಿಲ್ಲ. ನವಿ ಮುಂಬಯಿಯಲ್ಲಿ ಮಳೆಯಿಂದ ತಡವಾಗಿ ಶುರುವಾದ ಮಹಿಳಾ ವಿಶ್ವಕಪ್ ಫೈನಲ್, ಶಫಾಲಿ ವರ್ಮಾರ 87, ದೀಪ್ತಿ ಶರ್ಮಾರ 58 ಮತ್ತು 39ಕ್ಕೆ 5 ವಿಕೆಟ್, ನಾಯಕಿ ವೋಲ್ವಾರ್ಟ್ ಶತಕ ಹೊಡೆದೂ ದಕ್ಷಿಣ ಆಫ್ರಿಕಾ 52 ರನ್ನುಗಳಿಂದ ಸೋತದ್ದು, ಎಲ್ಲವನ್ನೂ ಮನದಣಿಯೆ ಕೊಟ್ಟಿರಿ. 2017ರಲ್ಲಿ ಲಾರ್ಡ್ಸ್‌ನಲ್ಲಿ 9 ರನ್ನುಗಳಿಂದ ಕಪ್ ಕೈತಪ್ಪಿದ ತಂಡದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕವಾಡ್ ಇದ್ದರು. ಈ ಸಲ ಗೆದ್ದ ತಂಡದಲ್ಲಿ ನಮ್ಮ ರಾಜ್ಯದವರು ಯಾರೂ ಇರಲಿಲ್ಲ. ಮೊದಲ ವೇಳಾಪಟ್ಟಿಯಂತೆ ನಡೆದಿದ್ದರೆ ಫೈನಲ್ಲೇ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬರಬಹುದಿತ್ತು. ಜೂನ್ 4ರ ಕಾಲ್ತುಳಿತದಲ್ಲಿ 11 ಜೀವ ಹೋದ ಮೇಲೆ ಬೆಂಗಳೂರಿನ ಪಂದ್ಯಗಳು ಬೇರೆ ಊರಿಗೆ ಹೋದವು. ನಿಮ್ಮ ಪುಟ ಅದನ್ನು ನೆನಪಿಸಲಿಲ್ಲ. ಇರಲಿ.

ನನ್ನ ತಕರಾರು ತಿಂಗಳ ಕೊನೆಯ ವಾರದ್ದು. ನವೆಂಬರ್ 22ರಿಂದ 26ರವರೆಗೆ ಗುವಾಹಟಿಯಲ್ಲಿ ನಮ್ಮ ಪುರುಷರು ದಕ್ಷಿಣ ಆಫ್ರಿಕಾದ ಎದುರು ಟೆಸ್ಟ್ ಆಡಿ 408 ರನ್ನುಗಳಿಂದ ಸೋತರು. ಅದಕ್ಕೂ ಮೊದಲು ಕೋಲ್ಕತ್ತದಲ್ಲಿ 124 ರನ್ ಬೆನ್ನಟ್ಟಲಾಗದೆ 93ಕ್ಕೆ ಮುಗ್ಗರಿಸಿದ್ದರು. ಈ ಸೋಲಿನ ಮರಣೋತ್ತರ ಪರೀಕ್ಷೆ ಐದು ದಿನ ಬಿಡದೆ ನಡೆಯಿತು. ಅದೇ ವಾರ, 23ರಂದು ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊಟ್ಟಮೊದಲ ಟಿ20 ವಿಶ್ವಕಪ್ಪನ್ನು ಭಾರತ ಗೆದ್ದಿತು. ಮರುದಿನ ಗುವಾಹಟಿಯಲ್ಲಿ ದಕ್ಷಿಣ ಆಫ್ರಿಕಾದ ಯಾನ್ಸನ್ ಆರು ವಿಕೆಟ್ ಕಿತ್ತು ನಮ್ಮವರನ್ನು 201ಕ್ಕೆ ಕಟ್ಟಿಹಾಕಿದರೆ, ಢಾಕಾದಲ್ಲಿ ನಮ್ಮ ಹುಡುಗಿಯರು ಚೈನೀಸ್ ತೈಪೆಯನ್ನು 35–28ರಿಂದ ಮಣಿಸಿ ಕಬಡ್ಡಿ ವಿಶ್ವಕಪ್ ಎತ್ತಿದರು. ಸೋಲಿಗೆ ಪುಟಗಳು, ಈ ಎರಡು ಗೆಲುವಿಗೆ ತಲಾ ಎರಡು ಸಾಲು.

ಅಂಧರ ಕ್ರಿಕೆಟ್ಟಿನ ಆ ಎರಡು ಸಾಲಿನಲ್ಲಿ ‘ನೇಪಾಳವನ್ನು 7 ವಿಕೆಟ್‌ಗಳಿಂದ ಸೋಲಿಸಿತು’ ಎಂದಿತ್ತು. ಹಾಗೆಯೇ ಹಲಗೆಯ ಮೇಲೆ ಬರೆದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, “ಸರ್, ಕಣ್ಣು ಕಾಣದಿದ್ದರೆ ಚೆಂಡನ್ನು ಹೊಡೆಯುವುದು ಹೇಗೆ?” ಎಂದಳು. ಮಾತಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲವೆಂದು ಸೈಕಲ್ ಅಂಗಡಿಯಿಂದ ನಾಲ್ಕಾರು ಉಕ್ಕಿನ ಗುಂಡು ತರಿಸಿ, ಉರುಳುವಾಗ ಸದ್ದಾಗಲೆಂದು ಪ್ಲಾಸ್ಟಿಕ್ ಚೆಂಡನ್ನು ಸೀಳಿ ಒಳಗೆ ಹಾಕಿ, ಟೇಪ್ ಸುತ್ತಿದೆ. ಅವಳ ಕಣ್ಣಿಗೆ ನನ್ನ ಟವೆಲ್ ಕಟ್ಟಿದೆ. ಬೌಲರ್ “ರೆಡಿ?” ಎನ್ನಬೇಕು, ಬ್ಯಾಟರ್ “ಯೆಸ್” ಎನ್ನಬೇಕು, ಆಮೇಲೆ “ಪ್ಲೇ” ಎಂದು ಕೂಗಿ ಕೈಯನ್ನು ಕೆಳಗಿನಿಂದ ಬೀಸಿ ಎಸೆಯಬೇಕು. ಮೂರು ಎಸೆತ ಗಾಳಿಗೆ ಬ್ಯಾಟು ಬೀಸಿದಳು. ನಾಲ್ಕನೆಯದಕ್ಕೆ ರಸ್ತೆಯಲ್ಲಿ ಟ್ರ್ಯಾಕ್ಟರ್ ಹೋಗಿ ಸದ್ದೇ ಕೇಳಿಸಲಿಲ್ಲ. ಐದನೆಯದಕ್ಕೆ ಉಳಿದ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ನಿಂತರು. ಮಂಡಿಯೂರಿ ಅಡ್ಡ ಬೀಸಿದ ಬ್ಯಾಟಿಗೆ ಚೆಂಡು ತಾಗಿತು. ಆಗ ಎದ್ದ ಕೂಗಿಗೆ ಮುಖ್ಯೋಪಾಧ್ಯಾಯರು ಕೊಠಡಿಯಿಂದ ಹೊರಬಂದರು.

ಹನ್ನೊಂದು ಜನರಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಲೇಬೇಕು, ಅವರು ಹೊಡೆದ ಒಂದು ರನ್ ಎರಡಾಗಿ ಲೆಕ್ಕಕ್ಕೆ ಬರುತ್ತದೆ, ಒಂದು ಪುಟ ಬಿದ್ದ ಚೆಂಡನ್ನು ಅವರು ಹಿಡಿದರೂ ಕ್ಯಾಚೇ. ಇಷ್ಟನ್ನು ಒಂದು ಸಣ್ಣ ಚೌಕದಲ್ಲಿ ಹಾಕಿದ್ದರೆ ಓದಿದವನಿಗೆ ಆಟ ಕಣ್ಣಿಗೆ ಕಟ್ಟುತ್ತಿತ್ತು. ನಾಯಕಿ ದೀಪಿಕಾ ಟಿ.ಸಿ. ಆಡುವುದು ಕರ್ನಾಟಕದ ಪರವಾಗಿ. ಆ ಮಾತೂ ನಿಮ್ಮ ಸಾಲುಗಳಲ್ಲಿ ಇರಲಿಲ್ಲ.

ಕಬಡ್ಡಿಯದಂತೂ ಇನ್ನೂ ಹೊಟ್ಟೆ ಉರಿಸುವ ಸಂಗತಿ. ತಂಡದ ಕೋಚ್ ನಮ್ಮವರೇ ಆದ ತೇಜಸ್ವಿನಿ ಬಾಯಿ, 2010ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು. ಆಟಗಾರ್ತಿಯರಲ್ಲಿ ಕರಾವಳಿಯ ಧನಲಕ್ಷ್ಮಿ ಪೂಜಾರಿ ಇದ್ದರು. ನಮ್ಮ ಶಾಲೆಯ ಹುಡುಗಿಯರು ತಾಲ್ಲೂಕು ಮಟ್ಟದಲ್ಲಿ ಮಣ್ಣಿನ ಅಂಕಣದಲ್ಲಿ ಮೊಣಕಾಲು ತರಚಿಕೊಂಡು ಆಡುವ ಆಟ ಇದು. ಅದರಲ್ಲಿ ವಿಶ್ವಕಪ್ ನಡೆಯುತ್ತಿದೆ ಎಂಬುದೇ ಅವರಿಗೆ ತಿಳಿದದ್ದು ಮುಗಿದ ಮೇಲೆ. ಮದುವೆ ಮುಗಿದ ಮೇಲೆ ಆಮಂತ್ರಣ ಪತ್ರ ಬಂದ ಹಾಗೆ.

ಬೇರೆ ಸುದ್ದಿಗಳನ್ನು ಚೆನ್ನಾಗಿಯೇ ಕೊಟ್ಟಿದ್ದೀರಿ. ಪರ್ತ್‌ನಲ್ಲಿ ಆಶಸ್ ಟೆಸ್ಟ್ ಎರಡೇ ದಿನಕ್ಕೆ ಮುಗಿದದ್ದು, ಸಿಡ್ನಿಯ ಬ್ಯಾಡ್ಮಿಂಟನ್ ಟೂರ್ನಿಯಲ್ಲಿ ಲಕ್ಷ್ಯ ಸೇನ್ ಗೆದ್ದದ್ದು, ಗೋವಾದ ಚೆಸ್ ವಿಶ್ವಕಪ್ಪನ್ನು ಉಜ್ಬೇಕಿಸ್ತಾನದ ಹತ್ತೊಂಬತ್ತರ ಸಿಂದರೊವ್ ಒಯ್ದದ್ದು, ಸುಮಾರು ಒಂದೂವರೆ ಲಕ್ಷ ಜನರಷ್ಟೇ ಇರುವ ಕೆರಿಬಿಯನ್‌ನ ಕುರಾಸಾವ್ ದ್ವೀಪ ಫುಟ್‌ಬಾಲ್ ವಿಶ್ವಕಪ್‌ಗೆ ಅರ್ಹತೆ ಪಡೆದದ್ದು. ಈ ಕೊನೆಯದನ್ನು ಮಕ್ಕಳು ಭೂಪಟದಲ್ಲಿ ಹುಡುಕಿ ಹುಡುಕಿ ಸುಸ್ತಾದರು.

ಕ್ರಿಕೆಟ್ ಕಡಿಮೆ ಮಾಡಿ ಎನ್ನುವವನು ನಾನಲ್ಲ, ನಾನೂ ಅದನ್ನೇ ಮೊದಲು ಓದುತ್ತೇನೆ. ಕೇಳುವುದಿಷ್ಟೇ: ಪ್ರತಿ ತಿಂಗಳ ಮೊದಲ ವಾರ ಯಾವ ಟೂರ್ನಿ ಎಲ್ಲಿ, ಎಂದು, ಯಾವ ವಾಹಿನಿಯಲ್ಲಿ ಎಂಬ ಪಟ್ಟಿಯೊಂದನ್ನು ಹಾಕಿ. ಟೋಕಿಯೊದಲ್ಲಿ ನವೆಂಬರ್ 15ರಿಂದ 26ರವರೆಗೆ ಶ್ರವಣದೋಷವುಳ್ಳವರ ಡೆಫ್ಲಿಂಪಿಕ್ಸ್ ನಡೆಯಿತು. ಅದೂ ನನಗೆ ತಿಳಿದದ್ದು ಪದಕಗಳ ಸಂಖ್ಯೆ ಬಂದ ಮೇಲೆಯೇ.

ಇನ್ನೊಂದು ವಿಷಯ. ಢಾಕಾದ ಫೈನಲ್‌ನಲ್ಲಿ ರೇಡಿಂಗ್‌ನಿಂದ ಬಂದ ಅಂಕ ಎಷ್ಟು, ಹಿಡಿತದಿಂದ ಬಂದದ್ದು ಎಷ್ಟು ಎಂದು ಶಾಲೆಯ ಕಬಡ್ಡಿ ತಂಡದ ನಾಯಕಿ ಕೇಳಿದ್ದಾಳೆ. ನಿಮ್ಮ ವರದಿಗಾರರ ಬಳಿ ಇದ್ದರೆ ದಯವಿಟ್ಟು ಪ್ರಕಟಿಸಿ. ಹಲಗೆಯ ಮೇಲೆ ಎರಡು ಸಾಲಿನ ಜಾಗ ಬಿಟ್ಟಿದ್ದೇನೆ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಹಾಸನ ಜಿಲ್ಲೆ