ಚಾಕಣದಿಂದ ಅಕ್ಕನಿಗೆ

ಚಾಕಣ, ಪುಣೆ
ಗುರುವಾರ ಮಧ್ಯಾಹ್ನ

ಅಕ್ಕಾ,

ನಾನು ಆರಾಮ ಇದ್ದೇನೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲಾಂದ್ರೆ ಇಷ್ಟುದ್ದದ ಪತ್ರ ನೋಡಿ ನಿನಗೆ ಎದೆ ಧಸಕ್ ಅನ್ನುತ್ತದೆ. ಇವತ್ತು ನಮ್ಮ ಕಂಪನಿಗೆ ವಾರದ ಸೂಟಿ. ರೂಮಿನಲ್ಲಿ ಮೂವರೂ ಮಲಗಿದ್ದಾರೆ, ನಾನು ಹೊರಗೆ ನೀರಿನ ಟಾಕಿ ಪಕ್ಕ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲೇ ಹೇಳೋಣ ಅಂದರೆ ನೀನು ಸ್ಪೀಕರ್ ಹಾಕುತ್ತೀಯ, ಅಪ್ಪ ಪಕ್ಕದಲ್ಲೇ ಕೂತಿರುತ್ತಾನೆ, ಅವ್ವ ಒಲೆ ಮುಂದಿನಿಂದಲೇ "ಉಂಡಿಯೇನು" ಅಂತ ಕೂಗುತ್ತಾಳೆ, ಅಷ್ಟರಲ್ಲಿ ನನ್ನ ಬಾಯಿಂದ "ಎಲ್ಲಾ ಚಲೋ ಐತಿ" ಅಂತ ಬಂದುಬಿಡುತ್ತದೆ. ಬಂದು ಇಪ್ಪತ್ತು ತಿಂಗಳಾಯಿತು, ಅದೇ ಮಾತು ಹೇಳುತ್ತಿದ್ದೇನೆ.

ನಿನ್ನೆ ಸಣ್ಣವನು ಫೋನ್ ಮಾಡಿದ್ದ. ಮಾಮಾ ಮನೆಗೆ ಬಂದಿದ್ದನಂತೆ. ಐಟಿಐ ಮುಗಿಸಿ ಯಾಕೆ ಕೂತಿದ್ದೀಯ, ನಡಿ ನನ್ನ ಜೊತೆ, ನಿಮ್ಮಣ್ಣ ತಿಂಗಳಿಗೆ ಇಪ್ಪತ್ತು ಸಾವಿರ ಎಣಿಸುತ್ತಾನೆ ಅಂದನಂತೆ. ಅಪ್ಪ ಆಗಲಿ ಅಂದನಂತೆ. ಸಣ್ಣವನು ಆಗಲೇ ಬ್ಯಾಗು ಹುಡುಕುತ್ತಿದ್ದಾನೆ. ಅದಕ್ಕೇ ಇವತ್ತು ಕೂತೆ.

ಆ ಇಪ್ಪತ್ತು ಸಾವಿರದ ಲೆಕ್ಕ ಕೇಳು. ನನ್ನ ಪಗಾರ ದಿನಕ್ಕೆ 520 ರೂಪಾಯಿ. 26 ದಿನಕ್ಕೆ 13,520. ಅದರಲ್ಲಿ ಪಿಎಫ್‌ಗೆ ನೂರಕ್ಕೆ 12, ಇಎಸ್‌ಐಗೆ (ಅದು ಕಾರ್ಮಿಕರ ವಿಮೆ) ನೂರಕ್ಕೆ ಮುಕ್ಕಾಲು ರೂಪಾಯಿ ಹಿಡಿಯುತ್ತಾರೆ, ಅಲ್ಲಿಗೇ 1,700 ಹೋಯಿತು. ರೂಮಿನ ಬಾಡಿಗೆ 6,000, ನಾಲ್ವರಿದ್ದೇವೆ, ನನ್ನ ಪಾಲು 1,500. ಊಟದ ಡಬ್ಬಿಗೆ 3,000. ಮತ್ತೆ ಮನೆಗೆ ಕಳಿಸುವ ದುಡ್ಡು ಎಲ್ಲಿಂದ ಬರುತ್ತದೆ ಅಂದರೆ ಓಟಿಯಿಂದ. ಎಂಟು ಗಂಟೆ ಆದ ಮೇಲೆ ಇನ್ನೂ ನಾಲ್ಕು ಗಂಟೆ ನಿಲ್ಲಿಸುತ್ತಾರೆ, ತಿಂಗಳಿಗೆ ಇಪ್ಪತ್ತು ದಿನವಾದರೂ. ನಿಲ್ಲುವುದಿಲ್ಲ ಅಂದವನಿಗೆ ಮರುದಿನ ಗೇಟಿನಲ್ಲಿ "ಇವತ್ತು ಕೆಲಸ ಇಲ್ಲ". ಓಟಿಗೆ ಡಬಲ್ ಕೊಡಬೇಕು ಅಂತ ಕಾನೂನೇ ಇದೆ, ನಿನ್ನೆ ಮೊನ್ನೆಯದಲ್ಲ, 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ನನಗೆ ಗಂಟೆಗೆ 65 ಬೀಳುತ್ತದೆ, ಡಬಲ್ ಅಂದರೆ 130. ಕೊಡುವುದು ಮಾತ್ರ 65. ಅದೂ ಕೈಯಲ್ಲಿ, ಪಗಾರದ ಚೀಟಿಯಲ್ಲಿ ಓಟಿ ಅನ್ನುವ ಶಬ್ದವೇ ಇಲ್ಲ. ತಿಂಗಳಿಗೆ 5,200 ರೂಪಾಯಿ ಸುಮ್ನೆ ಯಾರದೋ ಜೇಬಿಗೆ ಹೋಗುತ್ತಿದೆ.

ಇನ್ನೊಂದು ಮಾತು ಹೇಳಲೋ ಬೇಡವೋ ಅಂತ ಬಹಳ ಯೋಚನೆ ಮಾಡಿದೆ. ನಿನ್ನ ಹೆರಿಗೆ ಹೊತ್ತಿನಲ್ಲಿ ಅಪ್ಪ ಮಾಮಾನ ಹತ್ತಿರ 30,000 ತಂದಿದ್ದ ಅಲ್ವಾ, ಅದನ್ನು ಮಾಮಾ ನನ್ನ ಪಗಾರದಲ್ಲಿ ತಿಂಗಳಿಗೆ 2,000ದಂತೆ ಹಿಡಿಯುತ್ತಾನೆ. ಕೆಲಸ ಮಾಡಿದ ತಿಂಗಳು 18, ಅಂದರೆ 36,000 ಆಯಿತು. ಮುಗಿಯಿತಲ್ಲ ಮಾಮಾ ಅಂದೆ. "ಬಡ್ಡಿ ಇನ್ನೂ ಐತಲ್ಲೋ" ಅಂದ. ಎಷ್ಟು ಬಡ್ಡಿ ಅಂದರೆ ನಕ್ಕ. ನಿನ್ನಿಂದ ಅಂತ ಹೇಳುತ್ತಿಲ್ಲ ಅಕ್ಕಾ, ಹಾಗೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಮ್ಮ ಮನೆಯವರನ್ನು ತಂದು ಸೇರಿಸಿದರೆ ಒಂದೊಂದು ತಲೆಗೂ, ನಮ್ಮನ್ನು ಕಂಪನಿಗೆ ಒದಗಿಸುವ ಕಾಂಟ್ರ್ಯಾಕ್ಟರ್ ಅವನಿಗೆ ಕಮಿಷನ್ ಕೊಡುತ್ತಾನೆ, ಅದು ಬೇರೆ. ಬೇರೆಯವನಾಗಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದೆ. ಮಾಮಾ ಅಂತ ಕರೆದ ಬಾಯಿಂದ ಜಗಳ ಹೇಗೆ ಆಡುವುದು.

ಹೋದ ದೀಪಾವಳಿಗೆ ಒಂದು ತಿಂಗಳು ಊರಿಗೆ ಬಂದಿದ್ದೆ, ನೆನಪಿದೆಯಾ? "ಕಂಪನಿಯವರು ಚಲೋ ಇದ್ದಾರೆ, ಒಂದು ತಿಂಗಳು ಸೂಟಿ ಕೊಟ್ಟಾರ" ಅಂತ ಅಪ್ಪ ಕಟ್ಟೆ ಮೇಲೆ ಕೂತವರಿಗೆಲ್ಲ ಹೇಳಿದ. ಅದು ಸೂಟಿ ಅಲ್ಲ, ಬ್ರೇಕ್. ಏಳು ತಿಂಗಳಾದ ಕೂಡಲೇ ಕಾರ್ಡು ಕಸಿದುಕೊಂಡು ಮನೆಗೆ ಕಳಿಸುತ್ತಾರೆ. ತಿಂಗಳು ಬಿಟ್ಟು ಬಂದರೆ ಅದೇ ಮೆಷಿನ್, ಅದೇ ಸೂಪರ್‌ವೈಸರ್, ಆದರೆ ಕಾರ್ಡಿನ ಮೇಲೆ ಬೇರೆ ಕಾಂಟ್ರ್ಯಾಕ್ಟರನ ಹೆಸರು, ಹೊಸ ನಂಬರು. ವರ್ಷದಲ್ಲಿ 240 ದಿನ ಒಬ್ಬನ ಹತ್ತಿರವೇ ದುಡಿದರೆ ನೋಟಿಸು, ಪರಿಹಾರ ಇಲ್ಲದೆ ಹೊರಗೆ ಹಾಕಲು ಬರುವುದಿಲ್ಲ, ಅದಕ್ಕೇ ಈ ಆಟ. ಅದೂ ಸರಿಯಾಗಿ ದೀಪಾವಳಿ ತಿಂಗಳೇ ಯಾಕೆ? ಬೋನಸ್! ಮೂವತ್ತು ದಿನ ದುಡಿದವನಿಗೂ ನೂರಕ್ಕೆ 8.33 ಲೆಕ್ಕದಲ್ಲಿ ಬೋನಸ್ ಕೊಡಬೇಕು. ಕೊಡಬೇಕಾದ ಹೊತ್ತಿಗೆ ನಾವು ಊರಲ್ಲಿ ಶೇಂಗಾ ಹೋಳಿಗೆ ತಿನ್ನುತ್ತಾ ಕೂತಿರುತ್ತೇವೆ, ಕೇಳುವವರು ಯಾರು. ಎಳ್ಳ ಅಮಾವಾಸ್ಯೆಗೆ ಬರಲಿಲ್ಲ ಅಂತ ಅವ್ವ ಮುನಿಸಿಕೊಂಡಳಲ್ಲ, ಒಂದು ದಿನ ತಪ್ಪಿಸಿದರೂ ಹಜೇರಿಯ ಸಾವಿರ ರೂಪಾಯಿ ಪೂರ್ತಿ ಹೋಗುತ್ತದೆ ಅಂತ ಆಗ ಹೇಳಲಿಲ್ಲ, "ಅರ್ಜೆಂಟ್ ಆರ್ಡರ್ ಐತಿ" ಅಂದೆ. ಹೊಲದಲ್ಲಿ ನೀವೆಲ್ಲ ಸಜ್ಜಿ ರೊಟ್ಟಿ, ಭಜ್ಜಿ ಉಣ್ಣುವ ಫೋಟೋ ಕಳಿಸಿದ್ದೆ ನೀನು, ಅದನ್ನು ಸೆಕೆಂಡ್ ಶಿಫ್ಟಿನಲ್ಲಿ ನೋಡಿದೆ.

2025ರ ನವೆಂಬರ್ 21ಕ್ಕೆ ಹೊಸ ಕಾರ್ಮಿಕ ಕಾನೂನು ಜಾರಿ ಆಯಿತು ಅಂತ ಟೀವಿಯಲ್ಲಿ ಬಂದಿತ್ತು. ಎಲ್ಲರಿಗೂ ಅಪಾಯಿಂಟ್‌ಮೆಂಟ್ ಲೆಟರ್ ಕೊಡಲೇಬೇಕಂತೆ, ಪಗಾರ ಮುಂದಿನ ತಿಂಗಳ ಏಳರೊಳಗೆ ಆಗಬೇಕಂತೆ, ಅವಧಿ ಗೊತ್ತು ಮಾಡಿ ತೆಗೆದುಕೊಂಡವರಿಗೂ ಒಂದು ವರ್ಷಕ್ಕೇ ಗ್ರಾಚುಯಿಟಿ (ಕೆಲಸ ಬಿಡುವಾಗ ಕೊಡುವ ಇಡಿಗಂಟು) ಅಂತೆ. ಲೆಟರ್ ಕೇಳಿದೆ. "ನಿನ್ನ ಗೇಟ್ ಪಾಸೇ ಲೆಟರ್, ಜೋಪಾನ ಇಟ್ಕೋ" ಅಂದರು. ಗ್ರಾಚುಯಿಟಿಗೆ ಒಂದು ವರ್ಷ ಆಗಬೇಕಲ್ಲ, ನಮ್ಮ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಏಳೇ ತಿಂಗಳು.

ಅಪ್ಪನ ತಲೆಯಲ್ಲಿ ಫ್ಯಾಕ್ಟರಿ ಅಂದರೆ ಇನ್ನೂ ಅಜ್ಜನ ಸೊಲ್ಲಾಪುರದ ಗಿರಣಿ. ಅಜ್ಜ ಸೇರಿದ, ಕಾಯಂ ಆದ, ಬಿಟ್ಟು ಬರುವಾಗ ಫಂಡಿನ ದುಡ್ಡು ತಂದು ಮೂರು ಎಕರೆ ಮಾಡಿದ. ಇಲ್ಲಿ ಕಾಯಂ ಇರುವವರು ಬೇರೆ ಬಣ್ಣದ ಅಂಗಿ ಹಾಕುತ್ತಾರೆ, ಅವರ ಬಸ್ಸು ಬೇರೆ, ಅವರಿಗೆ ಯೂನಿಯನ್ ಇದೆ. ನಾವು ಅದೇ ಲೈನಿನಲ್ಲಿ ಅವರ ಪಕ್ಕದಲ್ಲೇ ನಿಂತು ಅದೇ ಕೆಲಸ ಮಾಡುತ್ತೇವೆ, ಪಗಾರ ಅವರ ಅರ್ಧವೂ ಇಲ್ಲ. ಹಾಗಂತ ಅವರು ಕೆಟ್ಟವರಲ್ಲ. ಒಬ್ಬ ಮರಾಠಿ ಕಾಕಾ ಇದ್ದಾರೆ, ನನ್ನನ್ನು "ಕಾನಡಿ" ಅಂತಲೇ ಕರೆಯುತ್ತಾರೆ, ತಮ್ಮ ಡಬ್ಬಿಯ ಭಾಕರಿ ಮುರಿದು ಕೊಡುತ್ತಾರೆ. ನಾನು ಇಲ್ಲಿ ಬರೆದಿರುವ ಕಾನೂನಿನ ಮಾತು ಮುಕ್ಕಾಲು ಪಾಲು ಅವರೇ ಹೇಳಿಕೊಟ್ಟದ್ದು. ನಮ್ಮನ್ನು ಜಾಸ್ತಿ ಬೈಯುವವನು ಯಾರು ಗೊತ್ತಾ, ಬೆಳಗಾವಿ ಕಡೆಯ ಸೂಪರ್‌ವೈಸರ್. ಅಚ್ಚ ಕನ್ನಡದಲ್ಲಿ ಬೈಯುತ್ತಾನೆ, ಒಂದೂ ತಪ್ಪಿಲ್ಲದೆ.

ಇನ್ನು ಮುಂದಿನದು ಅವ್ವನಿಗೆ ಓದಬೇಡ.

ನಮ್ಮ ಶಾಪಿನಲ್ಲಿ ಪವರ್ ಪ್ರೆಸ್ ಇವೆ, ತಗಡು ಇಟ್ಟರೆ ಮೇಲಿನಿಂದ ಡೈ ಬಂದು ಬಡಿಯುತ್ತದೆ. ಎರಡು ಬಟನ್ ಇರುತ್ತವೆ, ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಬಡಿಯಬೇಕು, ಆಗ ಯಾವ ಕೈಯೂ ಒಳಗೆ ಇರುವುದಿಲ್ಲ. ಕೈ ಅಡ್ಡ ಬಂದರೆ ನಿಲ್ಲಿಸುವ ಸೆನ್ಸರ್ ಕೂಡ ಇರುತ್ತದೆ. ಆದರೆ ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇದೆಯಲ್ಲ, ಎರಡೂ ಕೈ ಬಟನ್ ಮೇಲೆ ಇಟ್ಟರೆ ಅದು ಆಗುವುದಿಲ್ಲ. ಒಂದು ಬಟನ್‌ಗೆ ತಗಡಿನ ಚೂರು ಸಿಕ್ಕಿಸಿ ಟೇಪು ಸುತ್ತುತ್ತಾರೆ. ಸೆನ್ಸರ್ ಬಂದ್. ಡಿಸೆಂಬರಿನಲ್ಲಿ ಅಫಜಲಪುರದ ಕಡೆಯ ಒಬ್ಬ ಹುಡುಗನ ಬಲಗೈಯ ಎರಡು ಬೆರಳು ಹೋದವು. ಹತ್ತೊಂಬತ್ತು ವರ್ಷ. ಅದು ಹನ್ನೊಂದನೇ ಗಂಟೆಯ ಕೆಲಸ, ನಿದ್ದೆಗಣ್ಣು.

ಅವನಿಗೆ ಇಎಸ್‌ಐ ಇರಲಿಲ್ಲ ಅಕ್ಕಾ. ಸೇರಿ ಎರಡು ತಿಂಗಳಾಗಿತ್ತು, ಹತ್ತು ದಿನದೊಳಗೆ ನೋಂದಣಿ ಆಗಬೇಕಿತ್ತು. ಬೆರಳು ಹೋದ ಮರುದಿನ ಸಂಜೆ ಅವಸರದಲ್ಲಿ ಮಾಡಿಸಿದರು. ಆಸ್ಪತ್ರೆಯಲ್ಲಿ ರೂಮಿನ ಬಾಗಿಲಿಗೆ ಸಿಕ್ಕಿತು ಅನ್ನು ಅಂತ ಹೇಳಿಕೊಟ್ಟರು, ಅವನು ಹಾಗೇ ಅಂದ, ಹೆದರಿದ್ದ. ಕೆಲಸದಲ್ಲಿ ಆದ ಪೆಟ್ಟು ಅಂತ ದಾಖಲಾದರೆ ಗಾಯ ಮಾಯುವ ತನಕ ಪಗಾರದ ನೂರಕ್ಕೆ 90 ಸಿಗುತ್ತದೆ, ಬೆರಳು ಹೋದದ್ದಕ್ಕೆ ತಿಂಗಳು ತಿಂಗಳು ಪೆನ್ಶನ್ ಬರುತ್ತದೆ. ಬಾಗಿಲಿಗೆ ಸಿಕ್ಕಿದರೆ ಅವೆರಡೂ ಇಲ್ಲ. ಅವನ ಅಪ್ಪ ಬಂದಿದ್ದರು, ಧೋತರ ಉಟ್ಟುಕೊಂಡು, ನಮ್ಮಪ್ಪನ ಹಾಗೇ. ಕಂಪನಿ ಗೇಟಿನ ಒಳಗೂ ಬಿಡಲಿಲ್ಲ. ಈಗ ನಾವು ನಾಲ್ವರು, ಆ ಕಾಕಾ, ಸೇರಿ ಏನು ನಡೆಯಿತು ಅಂತ ಬರೆದು ಸಹಿ ಮಾಡಿ ಕೊಟ್ಟಿದ್ದೇವೆ. ಆ ಮೆಷಿನ್ ಮೇಲೆ ಮರುದಿನವೇ ಬೇರೆ ಹುಡುಗ ನಿಂತ, ಟ್ರೇನಿ.

ಮಾಮಾ ಸಣ್ಣವನನ್ನು ಕರೆಯುತ್ತಿರುವುದೂ ಟ್ರೇನಿ ಅಂತಲೇ. ಕಲಿಯುವ ಹುಡುಗ ಅಂತ ಹೆಸರು, ಅದಕ್ಕೆ ಪಿಎಫ್ ಬೇಡ, ಇಎಸ್‌ಐ ಬೇಡ, ಕೊಡುವುದು ಸ್ಟೈಪೆಂಡ್. ಕಲಿಸುವುದು ಹತ್ತು ನಿಮಿಷ. ನಿನಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ನೀನು ಹಗಲೂ ರಾತ್ರಿ ಬಸುರಿ ಬಾಣಂತಿಯರ ಹಿಂದೆ ತಿರುಗಿದರೂ ನಿನ್ನನ್ನು ನೌಕರಳು ಅನ್ನುವುದಿಲ್ಲ, ಆಶಾ ಕಾರ್ಯಕರ್ತೆ ಅನ್ನುತ್ತಾರೆ, ಪಗಾರ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. 2025ರ ಜನವರಿಯಲ್ಲಿ ನೀವೆಲ್ಲ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿದಿರಿ, ಹತ್ತು ಸಾವಿರ ಗ್ಯಾರಂಟಿ ಅಂದ ಮೇಲೆ ಎದ್ದು ಬಂದಿರಿ. ಆಗ ನಾನು ನಿನಗೆ ಫೋನಿನಲ್ಲಿ ಬೈದಿದ್ದೆ, ಕೂಸನ್ನು ಬಿಟ್ಟು ಅದೆಲ್ಲ ಯಾಕೆ ಬೇಕಿತ್ತು ಅಂತ. ತಪ್ಪಾಯಿತು.

ಪಿಎಫ್ ಕಥೆ ಬೇಗ ಹೇಳುತ್ತೇನೆ. ಉಮಂಗ್ ಆ್ಯಪಿನಲ್ಲಿ ಪಾಸ್‌ಬುಕ್ ತೆಗೆದು ನೋಡಿದೆ, 18 ತಿಂಗಳು ಹಿಡಿದಿದ್ದಾರೆ, ಕಟ್ಟಿರುವುದು 9 ತಿಂಗಳದ್ದು. ಮೇಲಾಗಿ ನನ್ನ ಹೆಸರಿನ ಮುಂದೆ ಅಡ್ಡಹೆಸರು ತಪ್ಪು ಬರೆದಿದ್ದಾರೆ, ಆಧಾರಿಗೆ ಹೊಂದುವುದೇ ಇಲ್ಲ, ಇರುವ ದುಡ್ಡೂ ತೆಗೆಯಲು ಬರುವುದಿಲ್ಲ. ಮುಂದಿನ ಗುರುವಾರ ಭೋಸರಿಯಲ್ಲಿ ಬಸ್ ಬದಲಿಸಿ ಆಕುರ್ಡಿಯ ಪಿಎಫ್ ಆಫೀಸಿಗೆ ಹೋಗುತ್ತೇನೆ, ಪಗಾರದ ಚೀಟಿ ಎಲ್ಲ ಎತ್ತಿಟ್ಟಿದ್ದೇನೆ. ಕಾಂಟ್ರ್ಯಾಕ್ಟರ್ ಪಗಾರ ಕೊಡದಿದ್ದರೆ ಕಂಪನಿಯೇ ಕೊಡಬೇಕು ಅಂತ ಕಾನೂನಿದೆ, 1970ರಿಂದಲೂ ಇದೆ, ಓಟಿಯ ವಿಷಯ ಅದರಲ್ಲಿ ಬರುತ್ತದೆ ಅನ್ನುತ್ತಾರೆ ಕಾಕಾ, ಅದಕ್ಕೆ ಬೇರೆ ಅರ್ಜಿ ಬರೆಯುತ್ತಿದ್ದೇವೆ. ಇದರಿಂದ ನನ್ನ ಬ್ರೇಕ್ ಏಳು ತಿಂಗಳಿಗಿಂತ ಮೊದಲೇ ಬರಬಹುದು. ಬಂದರೆ ಹುತಾತ್ಮಾ ರೈಲು ಹಿಡಿದು ಸೊಲ್ಲಾಪುರ, ಅಲ್ಲಿಂದ ಇಂಡಿ. ಈ ಸಲ ಸೂಟಿ ಅಂತ ಸುಳ್ಳು ಹೇಳುವುದಿಲ್ಲ.

ಸಣ್ಣವನಿಗೆ ಹೇಳು, ಹುಬ್ಬಳ್ಳಿ ರೈಲ್ವೆಯವರು ಐಟಿಐ ಆದವರನ್ನು ಅಪ್ರೆಂಟಿಸ್ ಅಂತ ಕರೆಯುತ್ತಾರೆ, ನೋಟಿಫಿಕೇಶನ್ ನೋಡುತ್ತಾ ಇರಲಿ, ಮಾರ್ಕ್ಸ್ ಕಾರ್ಡ್ ಫೋಟೋ ನನಗೆ ಕಳಿಸಲಿ. ಅಣ್ಣ ತಾನು ಹೋಗಿ ನನ್ನನ್ನು ಬೇಡ ಅಂತಾನೆ ಅಂತ ಅವನಿಗೆ ಸಿಟ್ಟು ಬರುತ್ತದೆ, ಬರಲಿ. ಅಪ್ಪನಿಗೆ ಓಟಿ ಲೆಕ್ಕ ಮಾತ್ರ ಓದಿ ಹೇಳು, ಅಜ್ಜನ ಮಾತು ತೆಗೆಯಬೇಡ, ನೊಂದುಕೊಳ್ಳುತ್ತಾನೆ. ಬಡ್ಡಿ ಲೆಕ್ಕ ಒಂದು ಹಾಳೆಯ ಮೇಲೆ ಬರೆದು ಕೊಡು ಅಂತ ಮಾಮಾನಿಗೆ ಅಪ್ಪನೇ ಕೇಳಲಿ, ನಾನು ಕೇಳಿದರೆ ನಗುತ್ತಾನೆ.

ಭಾನುವಾರ ಮಾಮಾ ಮತ್ತೆ ಬರುತ್ತಾನಂತೆ. ಬಂದರೆ ಕೂರಿಸು, ಚಹಾ ಕೊಡು, ಊಟದ ಹೊತ್ತಾದರೆ ಊಟಕ್ಕೂ ಹಾಕು. ಸಣ್ಣವನ ಆಧಾರ್ ಕಾರ್ಡ್ ಮಾತ್ರ ಕೈಗೆ ಕೊಡಬೇಡ.

ಕೂಸಿಗೆ ಮುತ್ತು. 4,000 ಫೋನ್‌ಪೇ ಮಾಡಿದ್ದೇನೆ, ನೋಡಿಕೋ.

ನಿನ್ನ ತಮ್ಮ